ಕೊಂಡ್ಲಹಳ್ಳಿ ಬಯಲಲ್ಲಿ ಒಂದು ಹಡಗು ಯುದ್ಧ

ಹಡಗು ನೋಡೋಕೆ ಜನ ಕಾರವಾರಕ್ಕೆ ಹೋಗ್ತಾರೆ, ಮಂಗಳೂರಿಗೆ ಹೋಗ್ತಾರೆ. ನಾನು ಕಳೆದ ಯುಗಾದಿಗೆ ಕೊಂಡ್ಲಹಳ್ಳಿಗೆ ಹೋದೆ. ಮೊಳಕಾಲ್ಮುರು ತಾಲ್ಲೂಕಿನ ನಮ್ಮೂರು. ಸಮುದ್ರ ಹಾಗಿರಲಿ, ಕೆರೆ ತುಂಬಿದರೆ ಜನ ಬಾಗಿನ ಬಿಡೋಕೆ ಮೆರವಣಿಗೆಯಲ್ಲಿ ಹೋಗೋ ಸೀಮೆ ನಮ್ಮದು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಲ್ಯಾಪ್‌ಟಾಪಿನಲ್ಲಿ 1914ರ ಒಂದು ಜರ್ಮನ್ ಯುದ್ಧನೌಕೆ. ತಲೆಯಲ್ಲಿ ಒಂದೇ ಪ್ರಶ್ನೆ: ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಓಡುವ ಹಡಗಿನ ಮೇಲೆ ನಿಂತು, ಒಂಬತ್ತು ಕಿಲೋಮೀಟರ್ ಆಚೆ ಓಡುತ್ತಿರುವ ಇನ್ನೊಂದು ಹಡಗಿಗೆ ಗುರಿ ಇಡುತ್ತಿದ್ದದ್ದು ಹೇಗೆ?

ಮೊದಲು ಈ ಹುಚ್ಚಿನ ಬಗ್ಗೆ ಎರಡು ಮಾತು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವಾರವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋದು, ಶನಿವಾರ ಭಾನುವಾರ ನಮ್ಮದೇ ತಪ್ಪು ಮಾಡೋದು. ಮೂವರು ಗೆಳೆಯರು ಸೇರಿ ವಾರ್‌ಗೇಮ್ ಆಡುತ್ತೇವೆ. ಅಂದ್ರೆ ಹಳೆಯ ಯುದ್ಧವೊಂದನ್ನು ನಕ್ಷೆ, ಹಡಗಿನ ಬಿಲ್ಲೆ, ದಾಳ, ನಿಯಮ ಇಟ್ಟುಕೊಂಡು ಮತ್ತೆ ಆಡಿ ನೋಡೋದು. ಚೌಕಾಬಾರದ ದೊಡ್ಡಣ್ಣ ಅಂತ ಇಟ್ಟುಕೊಳ್ಳಿ.

ಇದೇನೂ ಹೊಸ ಹುಚ್ಚಲ್ಲ. ಇಂಗ್ಲೆಂಡಿನ ಫ್ರೆಡ್ ಜೇನ್ 1898ರಲ್ಲೇ ನೌಕಾಯುದ್ಧದ ಆಟವೊಂದನ್ನು ಪ್ರಕಟಿಸಿದ್ದ. 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಫ್ಲೆಚರ್ ಪ್ರಾಟ್ ಎಂಬ ಲೇಖಕ ನೆಲದ ಮೇಲೆ ಪುಟ್ಟ ಪುಟ್ಟ ಹಡಗು ಹರವಿ ಗೆಳೆಯರಿಗೆಲ್ಲ ಆಡಿಸುತ್ತಿದ್ದ. ಅವನ ಆಟದಲ್ಲಿ ಗುಂಡು ಹೊಡೆಯೋಕೆ ದಾಳ ಇಲ್ಲ. ನೆಲಕ್ಕೆ ಬಗ್ಗಿ, ಎದುರಾಳಿ ಹಡಗು ಎಷ್ಟು ಇಂಚು ದೂರ ಇದೆ ಅಂತ ಕಣ್ಣಂದಾಜಿನಲ್ಲಿ ಹೇಳಬೇಕು. ಆಮೇಲೆ ಟೇಪು ಹಿಡಿದು ಅಳೆದು, ಗುಂಡು ಬಿದ್ದ ಜಾಗಕ್ಕೆ ಗುರುತು. ಕಣ್ಣು ಪಳಗಿದವನು ಗೆದ್ದ. ಈ ಪ್ರಾಟ್‌ನನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತಾನೆ.

ಮದ್ರಾಸಿಗೆ ಬಂದ ಎಮ್ಡೆನ್

ನಾವು ಆರಿಸಿಕೊಂಡದ್ದು ಎಮ್ಡೆನ್ ಎಂಬ ಹಡಗಿನ ಕೊನೆಯ ಕಾಳಗ. ಮೊದಲ ಮಹಾಯುದ್ಧದಲ್ಲಿ ನಮ್ಮ ಬಾಗಿಲಿಗೇ ಬಂದು ಗುಂಡು ಹಾರಿಸಿದ ಜರ್ಮನ್ ಹಡಗು ಇದು. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎದುರು ಬಂದು ನಿಂತು ಸುಮಾರು 130 ಗುಂಡು ಹಾರಿಸಿತು. ಬಂದರಿನ ಹತ್ತಿರ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ದಡದ ಫಿರಂಗಿಗಳು ಉತ್ತರ ಕೊಡುವಷ್ಟರಲ್ಲಿ ಹಡಗು ಕತ್ತಲಲ್ಲಿ ಮಾಯ. ಆಫೀಸ್ ಕೆಲಸಕ್ಕೆ ಚೆನ್ನೈಗೆ ಹೋದಾಗ ಹೈಕೋರ್ಟ್ ಗೋಡೆಯ ಮೇಲೆ ಇದರ ನೆನಪಿನ ಫಲಕ ನೋಡಿದ್ದೆ. ತಮಿಳಿನಲ್ಲಿ ಇವತ್ತಿಗೂ ಮಹಾ ಚಾಲಾಕಿ ಮನುಷ್ಯನಿಗೆ ‘ಎಮ್ಡನ್’ ಅನ್ನೋದುಂಟು.

ಆಗ ಬಳ್ಳಾರಿ, ರಾಯದುರ್ಗ ಎಲ್ಲ ಮದ್ರಾಸ್ ಪ್ರಾಂತ್ಯ. ಮೊಳಕಾಲ್ಮುರು ಮೈಸೂರು ಸಂಸ್ಥಾನದ ಕಟ್ಟಕಡೆಯ ಅಂಚು. ನಮ್ಮ ಮುತ್ತಜ್ಜ ರಾಯದುರ್ಗಕ್ಕೆ ಕಾಲಿಟ್ಟರೆ ಅದು ಎಮ್ಡೆನ್ ಗುಂಡು ತಿಂದ ಪ್ರಾಂತ್ಯದ ನೆಲ. ಇಷ್ಟು ಸಂಬಂಧ ಸಾಕಿತ್ತು ನನಗೆ.

ಮದ್ರಾಸಿನಲ್ಲಿ ಗುರಿ ಹಿಡಿಯೋದು ಎಮ್ಡೆನ್‌ಗೆ ಕಷ್ಟವಾಗಲಿಲ್ಲ. ಟ್ಯಾಂಕು ಓಡಿಹೋಗಲ್ಲ. ಕಷ್ಟ ಬಂದದ್ದು ಅದೇ ವರ್ಷದ ನವೆಂಬರ್ 9ರ ಬೆಳಿಗ್ಗೆ, ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ಹತ್ತಿರ. ಅಲ್ಲಿನ ತಂತಿ ಕಚೇರಿಯನ್ನು ಹಾಳು ಮಾಡಲು ಎಮ್ಡೆನ್ ತನ್ನ ಸುಮಾರು 50 ಜನರನ್ನು ದಡಕ್ಕೆ ಇಳಿಸಿತ್ತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಎಂಬ ಯುದ್ಧನೌಕೆ ಬಂತು. ದಡದಲ್ಲಿದ್ದವರನ್ನು ಹತ್ತಿಸಿಕೊಳ್ಳೋಕೆ ಸಮಯವಿಲ್ಲ, ಬಿಟ್ಟು ಹೊರಟಿತು ಎಮ್ಡೆನ್.

ಎಮ್ಡೆನ್‌ದು 10.5 ಸೆಂಟಿಮೀಟರ್ ಬಾಯಿಯ ಫಿರಂಗಿ, ಸಿಡ್ನಿಯದು 15.2. ವೇಗವೂ ಸಿಡ್ನಿಯದೇ ಹೆಚ್ಚು. ಆದರೂ ಮೊದಲು ಗುಂಡು ಹಾರಿಸಿದ್ದು ಎಮ್ಡೆನ್, ಸುಮಾರು 9,500 ಮೀಟರ್ ದೂರದಿಂದ. ಅಷ್ಟು ದೂರಕ್ಕೆ ಅದರ ಫಿರಂಗಿ ಮುಟ್ಟುತ್ತೆ ಅಂತ ಸಿಡ್ನಿಯವರು ಎಣಿಸಿರಲಿಲ್ಲ. ಕೆಲವೇ ನಿಮಿಷದಲ್ಲಿ ಗುಂಡುಗಳು ಸಿಡ್ನಿಗೆ ತಾಗತೊಡಗಿದವು. ಒಂದು ಗುಂಡು ಮುಂಭಾಗದ ದೂರಮಾಪಕಕ್ಕೇ ಬಿದ್ದು, ಅದರಲ್ಲಿ ಕಣ್ಣಿಟ್ಟು ದೂರ ಅಳೆಯುತ್ತಿದ್ದ ನಾವಿಕನನ್ನು ಕೊಂದಿತು. ಇನ್ನೊಂದು ಹಿಂಭಾಗದಲ್ಲಿ ಗುರಿ ನಿಯಂತ್ರಿಸುವ ಕಟ್ಟೆಯನ್ನು ಒಡೆಯಿತು.

ಆಮೇಲೆ ಸಿಡ್ನಿ ಸಾವರಿಸಿಕೊಂಡು, ದೂರ ಕಾಯ್ದುಕೊಂಡು ಹೊಡೆಯತೊಡಗಿತು. ಎಮ್ಡೆನ್‌ನ ಹೊಗೆಕೊಳವೆಗಳು, ಮುಂದಿನ ಕೂವೆಮರ ಮುರಿದು ಬಿದ್ದವು. ಆದೇಶ ಹೇಳುವ ಕೊಳವೆಗಳು ಕಡಿದವು. ಫಿರಂಗಿಯ ಜನ ಒಬ್ಬೊಬ್ಬರಾಗಿ ಸತ್ತರು. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್ ಕೊನೆಗೆ ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಬಂಡೆಗೆ ಏರಿಸಿದ. ಎಮ್ಡೆನ್‌ನಲ್ಲಿ ಸತ್ತವರು 130ಕ್ಕೂ ಹೆಚ್ಚು, ಸಿಡ್ನಿಯಲ್ಲಿ ನಾಲ್ವರು.

ಈಗ ನಮ್ಮ ತೊಂದರೆ ಏನಪ್ಪಾ ಅಂದ್ರೆ, ನಮ್ಮ ಕೋಡಿನಲ್ಲಿ ಪ್ರತಿ ಹಡಗಿಗೂ ‘ನಿಖರತೆ’ ಅಂತ ಒಂದು ಸಂಖ್ಯೆ ಕೊಟ್ಟಿದ್ದೆವು. ಅದು ಶುರುವಿನಿಂದ ಕೊನೆಯವರೆಗೆ ಅಷ್ಟೇ. ನೂರು ಸಲ ಆಡಿಸಿದರೂ ಎಮ್ಡೆನ್ ಮೊದಲ ಗುಂಡಿನಿಂದ ಮುಳುಗುವ ತನಕ ಒಂದೇ ಸಮನೆ ಹೊಡೆಯುತ್ತಿತ್ತು. ಮೊದಲ ಕೆಲವು ನಿಮಿಷ ಮಿಂಚಿ, ಆಮೇಲೆ ಕುರುಡಾದ ಆ ನಿಜವಾದ ಹಡಗು ನಮ್ಮ ಪರದೆಯ ಮೇಲೆ ಬರಲೇ ಇಲ್ಲ. ಸಂಖ್ಯೆ ತಿದ್ದಿ ತಿದ್ದಿ ಸಾಕಾಗಿ, ಹಬ್ಬಕ್ಕೆ ಬಸ್ ಹತ್ತಿದೆ.

ಚಳ್ಳಕೆರೆ ದಾಟಿದ ಮೇಲೆ

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಬಳ್ಳಾರಿ ದಾರಿ ಹಿಡಿದರೆ ಆಕಾಶ ದೊಡ್ಡದಾಗ್ತಾ ಹೋಗುತ್ತೆ. ಚಳ್ಳಕೆರೆ ಶೇಂಗಾ ಎಣ್ಣೆ ಮಿಲ್ಲುಗಳ ಊರು. ಅದನ್ನು ದಾಟಿದರೆ ಮಟ್ಟಸ ನೆಲ, ಅಲ್ಲೊಂದು ಇಲ್ಲೊಂದು ಜಾಲಿ, ಬೇವು, ದೂರದಲ್ಲಿ ಬೋಳು ಗುಡ್ಡ. ಯುಗಾದಿ ಹೊತ್ತಿಗೆ ಶೇಂಗಾ ಕಿತ್ತು ಹೊಲ ಖಾಲಿ. ಬಿಸಿಲುಗುದುರೆ ಎದ್ದರೆ ರಸ್ತೆ ತುದಿಯಲ್ಲಿ ನೀರು ನಿಂತ ಹಾಗೆ ಕಾಣುತ್ತೆ. ನಮಗೆ ಸಿಗೋ ಸಮುದ್ರ ಅದೊಂದೇ.

ಈ ಬಯಲು ದೂರ ಅಳೆಯೋರಿಗೆ ಹೇಳಿ ಮಾಡಿಸಿದ ಜಾಗ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಎತ್ತರ ಅಳೆಯೋ ಉಪಕರಣಗಳನ್ನು ವಿಮಾನದಿಂದ ಪರೀಕ್ಷೆ ಮಾಡಿದ್ದರು. ಡಿಆರ್‌ಡಿಒ ಪರೀಕ್ಷಾ ವಲಯವೂ ಇಲ್ಲೇ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ, ಅದು ತಾನೇ ದೂರ, ಎತ್ತರ ಲೆಕ್ಕ ಹಾಕಿಕೊಂಡು ಆ ರನ್‌ವೇಗೆ ಬಂದು ಇಳಿಯಿತು.

ಮನೆಯಲ್ಲಿ ಅಪ್ಪ ಕೈಮಗ್ಗದಲ್ಲಿ ಕೂತಿದ್ದರು. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಆದರೆ ಅಪ್ಪನಿಗೆ ಅದು ಸೀರೆ ಅಷ್ಟೇ. ನಲವತ್ತು ವರ್ಷದಿಂದ ಲಾಳಿ ಆಡಿಸಿದ ಕೈ.

"ಏನಪ್ಪಾ, ಹಬ್ಬಕ್ಕೂ ಕಂಪ್ಯೂಟರ್ ಹೊತ್ಕಂಡೇ ಬಂದೀಯಲ್ಲ?"

ಎಮ್ಡೆನ್ ಕಥೆ ಹೇಳಿದೆ. ಮಗ್ಗ ನಿಲ್ಲಿಸದೇ ಕೇಳಿದರು. "ದೂರ ಗೊತ್ತಾಗ್ದೇ ಹೊಡೆಯೋದು ಹೆಂಗೆ? ಕವಣೆ ಬೀಸ್ದಂಗೆ ಹೊಡೆದಿರ್ತಾರೆ ಬಿಡು" ಅಂದರು.

ನಾನು ತಿಂಗಳುಗಟ್ಟಲೆ ಓದಿದ್ದು ಒಂದು ಸಾಲಿನಲ್ಲಿ ಬಂದುಬಿಟ್ಟಿತು. ಚಿಕ್ಕವರಿದ್ದಾಗ ಅಪ್ಪ ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದರಂತೆ. ಕವಣೆಯ ಮೊದಲ ಕಲ್ಲು ಹಕ್ಕಿಗಿಂತ ಮುಂದೆ ಬೀಳುತ್ತೆ. ಎರಡನೆಯದು ಬೇಕಂತಲೇ ಇನ್ನೂ ಆಚೆಗೆ. ಈಗ ಹಕ್ಕಿ ಎರಡರ ನಡುವೆ ಎಲ್ಲೋ ಇದೆ ಅಂತ ಗೊತ್ತಾಯ್ತಲ್ಲ, ಮೂರನೆಯದನ್ನು ನಡುವೆ ಬೀಸೋದು. ಜರ್ಮನ್ ನೌಕಾಪಡೆ ಮಾಡುತ್ತಿದ್ದದ್ದೂ ಇದನ್ನೇ. ‘ಕವಲು’ ಅನ್ನೋ ಅರ್ಥದ ಹೆಸರೂ ಅದಕ್ಕಿತ್ತು. ಒಂದು ಸುತ್ತು ಮುಂದೆ, ಒಂದು ಹಿಂದೆ, ನೀರು ಚಿಮ್ಮಿದ ಜಾಗ ನೋಡಿ ನಡುವೆ ಹಿಡಿಯೋದು.

ಹಕ್ಕಿಗೂ ಹಡಗಿಗೂ ಒಂದು ವ್ಯತ್ಯಾಸ. ಗುಂಡು ಗಾಳಿಯಲ್ಲಿ 20 ಸೆಕೆಂಡ್ ಇರುತ್ತೆ ಅಂದುಕೊಳ್ಳಿ. 25 ನಾಟ್ ವೇಗದ ಹಡಗು ಅಷ್ಟರಲ್ಲಿ 250 ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತೆ. ಎಮ್ಡೆನ್‌ನ ಉದ್ದವೇ ಸುಮಾರು 118 ಮೀಟರ್. ಹಾಗಾಗಿ ಈಗ ಕಾಣುವ ಜಾಗಕ್ಕೆ ಹೊಡೆದರೆ ನೀರಿಗೇ ಬೀಳುತ್ತೆ. ಮುಂದೆ ಎಲ್ಲಿರುತ್ತೋ ಅಲ್ಲಿಗೆ ಹೊಡೆಯಬೇಕು. ಅದಕ್ಕೆ ದೂರ ಎಷ್ಟು, ಆ ದೂರ ನಿಮಿಷಕ್ಕೆ ಎಷ್ಟು ಬದಲಾಗ್ತಿದೆ, ಎರಡೂ ಗೊತ್ತಿರಬೇಕು. ಜರ್ಮನರ ದೊಡ್ಡ ಹಡಗುಗಳಲ್ಲಿ ಇದಕ್ಕೆಂದೇ ಒಂದು ‘ದೂರದ ಗಡಿಯಾರ’ ಇತ್ತು. ದೂರ ಬದಲಾಗುವ ವೇಗಕ್ಕೆ ತಿರುಗಿಸಿಟ್ಟರೆ ಅದರ ಮುಳ್ಳು ಈ ಕ್ಷಣದ ದೂರ ತೋರಿಸ್ತಾ ಓಡುತ್ತಿತ್ತು. ಗುಂಡು ಬೀಳುವ ಹೊತ್ತಿಗೆ ಸರಿಯಾಗಿ ಕೂಗುವ ಇನ್ನೊಂದು ಗಡಿಯಾರವೂ ಇತ್ತು. ಸುತ್ತಲೂ ನೀರು ಚಿಮ್ಮುವಾಗ ತಮ್ಮ ಗುಂಡು ಯಾವುದು ಅಂತ ತಿಳಿಯಬೇಕಲ್ಲ!

ಏಳು ಜನ, ಒಂದು ಬಿಳಿ ಪಂಚೆ

ಹಬ್ಬದ ಮಾರನೇ ಬೆಳಿಗ್ಗೆ ಪ್ರಯೋಗಕ್ಕೆ ಇಳಿದೆವು. ಚಿಕ್ಕಪ್ಪನ ಮಗ ಬೈಕಿಗೆ ಬಿಳಿ ಪಂಚೆ ಕಟ್ಟಿ ಪಕ್ಕದ ಮನೆ ಹುಡುಗನನ್ನು ಹೊಲದಾಚೆ ಕಳಿಸಿದ. ಹುಡುಗ ತನಗೆ ಬೇಕಾದಲ್ಲಿ ನಿಂತು ಫೋನ್ ಮಾಡ್ತಾನೆ. ಈ ಕಡೆ ಏಳು ಜನ ದೂರ ಅಂದಾಜು ಮಾಡಬೇಕು. ಸರಿಯುತ್ತರ ಫೋನಿನ ಜಿಪಿಎಸ್ ಹೇಳುತ್ತೆ.

ಏಳೇ ಜನ ಯಾಕೆ? 1916ರ ಮೇ 31ರಂದು ಜಟ್ಲಂಡ್ ಕಾಳಗದಲ್ಲಿ ಹೋರಾಡಿದ ಡೆರ್ಫ್‌ಲಿಂಗರ್ ಎಂಬ ಜರ್ಮನ್ ಹಡಗಿನಲ್ಲಿ ಏಳು ದೂರಮಾಪಕಗಳಿದ್ದವು. ಅದರ ಫಿರಂಗಿ ಅಧಿಕಾರಿ ಗೆಯೋರ್ಗ್ ಫಾನ್ ಹಾಸೆ ಆಮೇಲೆ ಪುಸ್ತಕ ಬರೆದ. ಏಳೂ ಜನ ಹೇಳಿದ ದೂರದ ಸರಾಸರಿ ತೆಗೆಯುವ ಉಪಕರಣ ಅವನ ಹತ್ತಿರ ಇತ್ತು. ಒಬ್ಬನ ಕಣ್ಣು ತಪ್ಪಬಹುದು, ಏಳೂ ಜನ ಒಂದೇ ಕಡೆ ತಪ್ಪೋದು ಅಪರೂಪ.

ನಮ್ಮ ಏಳು ಹೀಗೆ ಬಂತು. ನಾನು 400 ಮೀಟರ್ ಅಂದೆ. ಚಿಕ್ಕಪ್ಪನ ಮಗ 500. ಪಿಯುಸಿ ಓದುವ ಹುಡುಗ 900, ಅವನ ಗೆಳೆಯ 750, ಬೈಕ್ ಹುಡುಗನ ಅಣ್ಣ 700. ದಾರಿಯಲ್ಲಿ ಕುರಿ ಹೊಡ್ಕೊಂಡು ಹೋಗ್ತಿದ್ದ ಅಜ್ಜ ಕೈ ಅಡ್ಡ ಹಿಡಿದು ನೋಡಿ, "ಮುನ್ನೂರಾ ಮೂವತ್ತು ಮಾರು ಐತೆ ನೋಡು" ಅಂದರು. ಎರಡೂ ತೋಳು ಚಾಚಿದರೆ ಒಂದು ಮಾರು, ಸುಮಾರು ಆರಡಿ. ಲೆಕ್ಕ ಹಾಕಿದರೆ 600 ಮೀಟರ್ ಚಿಲ್ಲರೆ. ಸಮುದ್ರದ ಜನ ನೀರಿನ ಆಳ ಅಳೆಯೋ ಫ್ಯಾದಮ್ ಕೂಡ ಇದೇ ತೋಳಳತೆ ಅಂತ ಅಜ್ಜನಿಗೆ ಹೇಳಿದೆ. "ತೋಳು ಎಲ್ರಿಗೂ ಎರಡೇ ಅಲ್ಲೇನಪ್ಪಾ" ಅಂದು ಕುರಿ ಹಿಂದೆ ಹೋದರು.

ಅಪ್ಪ ಕೊನೆಗೆ ಹೇಳಿದರು. "ನೂರಾ ಹದಿನೈದು ಸೀರೆ."

ಎಲ್ಲರೂ ನಕ್ಕೆವು. ಆದರೆ ಸೀರೆಗೆ ಐದೂವರೆ ಮೀಟರ್ ಅಂದ್ರೆ 630 ಆಯಿತು. ಜಿಪಿಎಸ್ ತೋರಿಸಿದ್ದು 620. ಏಳು ಜನರ ಸರಾಸರಿ ತೆಗೆದೆ: 640. ನಾನು 220 ಮೀಟರ್ ತಪ್ಪಿದ್ದೆ, ಪಿಯುಸಿ ಹುಡುಗ 280 ತಪ್ಪಿದ್ದ. ಎಲ್ಲರ ತಪ್ಪು ಸೇರಿದಾಗ ಉಳಿದದ್ದು ಬರೀ 20. ಫಾನ್ ಹಾಸೆಯ ಉಪಕರಣದ ಮೇಲೆ ಗೌರವ ಬಂತು.

ಮಧ್ಯಾಹ್ನ ಮತ್ತೆ ಹೋದೆವು. ಬಿಸಿಲುಗುದುರೆ ಎದ್ದಿತ್ತು, ಬೈಕು ನೀರಿನ ಮೇಲೆ ತೇಲ್ತಾ ಇತ್ತು. ಈ ಸಲ ಅಂದಾಜುಗಳು 300ರಿಂದ 1,200ರವರೆಗೆ ಓಡಾಡಿದವು. ಸರಾಸರಿಯೂ ಕೈಕೊಟ್ಟಿತು. ಜಟ್ಲಂಡ್‌ನಲ್ಲೂ ಹೀಗೇ. ಸಂಜೆ ಮೊದಲಿಗೆ ಬ್ರಿಟಿಷ್ ಹಡಗುಗಳು ಪಶ್ಚಿಮದ ಬೆಳಕಿಗೆ ಅಡ್ಡ ನಿಂತು ಸ್ಪಷ್ಟವಾಗಿ ಕಂಡವು, ಜರ್ಮನರು ಚೆನ್ನಾಗಿ ಹೊಡೆದರು. ಇನ್‌ಡಿಫ್ಯಾಟಿಗಬಲ್, ಕ್ವೀನ್ ಮೇರಿ ಎಂಬ ಎರಡು ಭಾರಿ ಹಡಗು ಒಂದರ ಹಿಂದೊಂದು ಸ್ಫೋಟಗೊಂಡವು. ಎರಡರಲ್ಲೂ ತಲಾ ಸಾವಿರಕ್ಕೂ ಹೆಚ್ಚು ಜನ ಹೋದರು. ಆಮೇಲೆ ಮಂಜು, ಹೊಗೆ, ಬೆಳಕಿನ ದಿಕ್ಕು ಎಲ್ಲ ತಿರುಗಿಬಿದ್ದು ಜರ್ಮನರಿಗೇ ಕಾಣದಾಯಿತು. ಒಟ್ಟು ಲೆಕ್ಕದಲ್ಲಿ ಎರಡೂ ಕಡೆಯ ದೊಡ್ಡ ಫಿರಂಗಿಗಳು ನೂರು ಗುಂಡು ಹೊಡೆದರೆ ಗುರಿ ಮುಟ್ಟಿದ್ದು ಮೂರರ ಆಸುಪಾಸು. ಸಿನಿಮಾದಲ್ಲಿ ತೋರಿಸೋ ಹಾಗೆ ಅಲ್ಲ.

ಎರಡು ಪೆನ್ನು

ಸಂಜೆ ಜಗಲಿ ಮೇಲೆ ಕೂತು ಜರ್ಮನರ ದೂರಮಾಪಕದ ಗುಟ್ಟು ಹೇಳತೊಡಗಿದೆ. ಬ್ರಿಟಿಷರದು ಒಂದು ಕಣ್ಣಿನ ಯಂತ್ರ. ಎರಡು ಕಡೆಯಿಂದ ಬಂದ ಚಿತ್ರದ ಮೇಲರ್ಧ, ಕೆಳಗರ್ಧ ಕೂಡಿಸಿ, ಕೂವೆಮರ ಒಂದೇ ಗೆರೆಗೆ ಬಂದಾಗ ದೂರ ಓದೋದು. ಗುರಿಯಲ್ಲಿ ನೆಟ್ಟಗಿನ ಗೆರೆ ಕಾಣಿಸದಿದ್ದರೆ ಕಷ್ಟ.

ಜರ್ಮನರದು ಝೈಸ್ ಕಂಪನಿಯ ಎರಡು ಕಣ್ಣಿನ ಯಂತ್ರ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಎಡಗಣ್ಣಿಗೆ ಕಾಣೋದು, ಬಲಗಣ್ಣಿಗೆ ಕಾಣೋದು ಸ್ವಲ್ಪ ಬೇರೆ ಬೇರೆ. ಆ ವ್ಯತ್ಯಾಸದಿಂದ ಮಿದುಳು ಹತ್ತಿರ, ದೂರ ತಿಳಿಯುತ್ತೆ. ಆದರೆ ದೂರ ಹೋದಷ್ಟೂ ವ್ಯತ್ಯಾಸ ಸಣ್ಣದಾಗಿ, ಕೊನೆಗೆ ಇಲ್ಲವೇ ಇಲ್ಲ ಅನ್ನುವಷ್ಟಾಗುತ್ತೆ. ಬೆಳಿಗ್ಗೆ ಹೊಲದಲ್ಲಿ 600 ಮೀಟರ್ ಹೇಳೋಕೆ ನಮಗೆ ನೆರವಾದದ್ದು ಎರಡು ಕಣ್ಣಿನ ವ್ಯತ್ಯಾಸವಲ್ಲ, ಬೈಕು ಎಷ್ಟು ಸಣ್ಣದಾಗಿ ಕಾಣ್ತಿದೆ, ನಡುವೆ ಎಷ್ಟು ಮರ ಇದೆ ಅನ್ನೋ ಅನುಭವ. ಜರ್ಮನರು ಮಾಡಿದ್ದೇನು? 3 ಮೀಟರ್ ಉದ್ದದ ಕೊಳವೆಯ ಎರಡು ತುದಿಗೆ ಮಸೂರ, ಕನ್ನಡಿ ಇಟ್ಟು ಮನುಷ್ಯನ ಕಣ್ಣುಗಳನ್ನೇ 3 ಮೀಟರ್ ಅಗಲಿಸಿಬಿಟ್ಟರು. ಒಳಗೆ ನೋಡಿದರೆ ಗುರಿಯ ಜೊತೆಗೆ ಗಾಳಿಯಲ್ಲಿ ತೇಲುವಂತೆ ಒಂದು ಗುರುತು ಕಾಣುತ್ತೆ. ಚಕ್ರ ತಿರುಗಿಸಿದರೆ ಆ ಗುರುತು ಹತ್ತಿರ ಬರುತ್ತೆ, ದೂರ ಹೋಗುತ್ತೆ. ಅದು ಶತ್ರು ಹಡಗಿನ ಪಕ್ಕದಲ್ಲೇ ನಿಂತ ಹಾಗೆ ಕಂಡಾಗ ದೂರ ಓದಿ ಹೇಳೋದು. ಹೊಗೆ ಮುಸುಕಿದ ಗುರಿಗೂ ನಡೆಯುತ್ತೆ.

ಅದಕ್ಕೆ ಒಂದೇ ಷರತ್ತು. ಆ ಕುರ್ಚಿಯಲ್ಲಿ ಕೂರುವವನ ಎರಡೂ ಕಣ್ಣು ಸಮನಾಗಿ, ಚುರುಕಾಗಿ ಇರಬೇಕು. ಎಲ್ಲರಿಗೂ ಆಗೋ ಕೆಲಸವಲ್ಲ, ಆರಿಸಿ ಪಳಗಿಸಬೇಕು. ದಣಿದರೆ ಅವನ ಅಳತೆಯೂ ಕೆಡುತ್ತೆ.

"ಒಂದು ಆಟ ತೋರಿಸ್ತೀನಿ" ಅಂತ ಎರಡು ಪೆನ್ನು ತೆಗೆದೆ. ಎರಡೂ ಕೈಯಲ್ಲಿ ಒಂದೊಂದು ಹಿಡಿದು, ತೋಳು ಚಾಚಿ, ತುದಿಗೆ ತುದಿ ಮುಟ್ಟಿಸಬೇಕು. ಎರಡು ಕಣ್ಣು ಬಿಟ್ಟಾಗ ಸುಲಭ. ಒಂದು ಕಣ್ಣು ಮುಚ್ಚಿದರೆ ತಪ್ಪುತ್ತೆ. ನೀವೂ ಈಗಲೇ ಮಾಡಿ ನೋಡಿ.

ಅಮ್ಮ ಮಾಡಿದರು, ಮೊದಲನೇ ಸಲಕ್ಕೇ ಮುಟ್ಟಿತು. ಚಿಕ್ಕಪ್ಪನ ಮಗ ಮಾಡಿದ, ಮುಟ್ಟಿತು. ಕಣ್ಣು ಮುಚ್ಚಿದಾಗ ಇಬ್ಬರಿಗೂ ತಪ್ಪಿತು, ನಗು. ಆಮೇಲೆ ಅಪ್ಪ.

ಎರಡೂ ಕಣ್ಣು ಬಿಟ್ಟಿದ್ದರು. ತುದಿ ಒಂದು ಬೆರಳಷ್ಟು ತಪ್ಪಿತು. ಮತ್ತೊಮ್ಮೆ. ಮತ್ತೆ ತಪ್ಪಿತು. ಮೂರನೇ ಸಲ ತಪ್ಪಿದಾಗ ಅಪ್ಪ ನಕ್ಕು, "ಪೆನ್ನು ಹಿಡ್ದು ರೂಢಿ ಇಲ್ಲ ಬಿಡೋ" ಅಂತ ಕೆಳಗಿಟ್ಟರು. ಅಮ್ಮ ನಗಲಿಲ್ಲ. ಎದ್ದು ಒಳಗೆ ಹೋದರು.

ಆಗ ಒಂದೊಂದೇ ನೆನಪಾಯಿತು. ಬೆಳಿಗ್ಗೆ ಟೀ ಲೋಟ ತೆಗೆದುಕೊಳ್ಳುವಾಗ ಅಪ್ಪನ ಕೈ ಲೋಟಕ್ಕಿಂತ ಈಚೆಗೇ ಮುಚ್ಚಿತ್ತು. ನಾನು ಎಸೆದ ಬೀಗದ ಕೈ ಹಿಡಿಯದೆ ಬಿಟ್ಟಿದ್ದರು. ಹೊಲದಲ್ಲಿ ಅಷ್ಟು ದೂರದ ಬೈಕಿಗೆ ಎಲ್ಲರಿಗಿಂತ ಸರಿಯಾಗಿ ಹೇಳಿದವರು ಅಪ್ಪನೇ. ಅದಕ್ಕೇ ನನಗೆ ಅನುಮಾನ ಬಂದಿರಲಿಲ್ಲ. ದೂರದ್ದಕ್ಕೆ ನಲವತ್ತು ವರ್ಷದ ಅಂದಾಜು ಸಾಕು, ಒಂದು ಕಣ್ಣಾದರೂ ನಡೆಯುತ್ತೆ. ಹತ್ತಿರದ ಎಳೆಗೆ ಎರಡೂ ಬೇಕು.

"ಯಾವಾಗಿಂದ ಅಪ್ಪಾ?"

ತುಂಬ ಹೊತ್ತು ಮಾತಾಡಲಿಲ್ಲ. "ದೀಪಾವಳಿಯಿಂದ. ಬಲಗಣ್ಣಿಗೆ ಮಂಜು ಕವಿದಂಗೆ ಆಗೈತೆ."

"ಹೇಳಬಾರದಾ?"

"ಹೇಳಿದ್ರೆ ಮಗ್ಗ ನಿಲ್ಸು ಅಂತಿದ್ದೆ ನೀನು."

ಹೌದು, ಅಂತಿದ್ದೆ. ಮೊದಲು ಅದೇ ಮಾತು ಬರುತ್ತಿತ್ತು ಬಾಯಿಗೆ. ಅಮ್ಮ ಒಳಗಿನಿಂದಲೇ ಹೇಳಿದರು: "ಅಂಚಿನ ಹತ್ರ ಎಳೆ ತಪ್ಪಿದ್ರೆ ನಾನು ಹಿಂದೆ ನಿಂತು ಹೇಳ್ತಿದ್ದೆ. ಆಮೇಲೆ ಬಿಚ್ಚಿ ಸರಿ ಮಾಡ್ತಿದ್ರು." ಸೀರೆ ಕೊಂಡವರಿಗೆ, ಫೋನಿನಲ್ಲಿ ದಿನಾ ಮಾತಾಡುವ ಮಗನಿಗೆ, ಯಾರಿಗೂ ಗೊತ್ತಾಗಿರಲಿಲ್ಲ. ಒಂದು ಸೀರೆಗೆ ಹಿಡಿಯುತ್ತಿದ್ದ ದಿನಗಳು ಮಾತ್ರ ಹೆಚ್ಚಾಗಿದ್ದವು. ಅದನ್ನೂ ಸೆಕೆ, ವಯಸ್ಸು ಅಂತ ನಂಬಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಡ್ನಿಯ ದೂರಮಾಪಕದ ಹಿಂದೆ ಕೂತಿದ್ದ ಆ ನಾವಿಕ ನೆನಪಾಗುತ್ತಿದ್ದ. ನಮ್ಮ ಕೋಡಿನಲ್ಲಿ ಅವನು ಇರಲೇ ಇಲ್ಲ. ಎಮ್ಡೆನ್ ದಡದಲ್ಲಿ ಬಿಟ್ಟು ಬಂದ 50 ಜನ ಇರಲಿಲ್ಲ. ಕೊಳವೆ ಕಡಿದ ಮೇಲೆ ಆದೇಶವನ್ನು ಓಡಿಹೋಗಿ ಹೇಳಬೇಕಿದ್ದ ಹುಡುಗ ಇರಲಿಲ್ಲ. ಹಡಗಿಗೆ ಒಂದು ‘ನಿಖರತೆ’ ಅಂತ ಬರೆದು ಸುಮ್ಮನಾಗಿದ್ದೆವು. ನಿಖರತೆ ಉಕ್ಕಿನಲ್ಲಿ ಇರೋದಲ್ಲ. ಕಣ್ಣಿಟ್ಟವನು, ಅವನ ಮಾತು ಮುಟ್ಟಿಸುವವನು, ಗುಂಡು ತುಂಬುವವನು, ಇವರ ಕೈಯಲ್ಲಿ ಇರೋದು. ಒಬ್ಬ ಬಿದ್ದರೆ ಉಳಿದವರು ಕೆಲ ಹೊತ್ತು ಸರಿದೂಗಿಸ್ತಾರೆ, ಅಮ್ಮ ಸರಿದೂಗಿಸಿದ ಹಾಗೆ. ಹೊರಗಿನವರಿಗೆ ಏನೂ ಆಗಿಲ್ಲ ಅನ್ನಿಸುತ್ತೆ. ಇನ್ನೊಬ್ಬ ಬಿದ್ದಾಗ ಎಲ್ಲ ಒಟ್ಟಿಗೆ ಕುಸಿಯುತ್ತೆ.

ಬೆಂಗಳೂರಿಗೆ ಬಂದ ಮೇಲೆ ಗೆಳೆಯರಿಗೆ ಹೇಳಿ ಆ ಸಂಖ್ಯೆಯನ್ನೇ ಕಿತ್ತುಹಾಕಿದೆವು. ಅದರ ಬದಲು ಪ್ರತಿ ಹಡಗಿನಲ್ಲೂ ಜನರನ್ನು ಕೂರಿಸಿದೆವು: ದೂರ ನೋಡುವವನು, ಲೆಕ್ಕ ಹಾಕುವವನು, ಆದೇಶ ಒಯ್ಯುವವನು, ಪ್ರತಿ ಫಿರಂಗಿಗೆ ಅದರ ಜನ. ಗುಂಡು ಬಿದ್ದರೆ ಅವರಲ್ಲಿ ಯಾರಾದರೂ ಇಲ್ಲವಾಗ್ತಾರೆ. ಹೊತ್ತು ಹೋದಂತೆ ದಣೀತಾರೆ. ಈಗ ಆಡಿಸಿದರೆ ಎಷ್ಟೋ ಸಲ ಎಮ್ಡೆನ್ ಮೊದಲು ಮಿಂಚಿ, ಆಮೇಲೆ ತಡವರಿಸಿ, ಮೌನವಾಗುತ್ತೆ. ಕೆಲವು ಸಲ ಸಿಡ್ನಿಯೇ ಬಹಳ ಹೊತ್ತು ಕುರುಡಾಗಿ ಅಲೆಯುತ್ತೆ. ಇದರಿಂದ ಇತಿಹಾಸ ಸಾಬೀತಾಗಲ್ಲ. ಆದರೆ ಮೊದಲ ಸಲ ಆಟ ನಿಜದ ಹತ್ತಿರ ಬಂತು.

ಹೋಗುವವರಿಗೆ

ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು ಮೇಲೆ ಚಳ್ಳಕೆರೆಗೆ ಸುಮಾರು 200 ಕಿಲೋಮೀಟರ್. ಅಲ್ಲಿಂದ ಬಳ್ಳಾರಿ ದಾರಿಯಲ್ಲಿ ಮೊಳಕಾಲ್ಮುರು ಸೀಮೆ. ಪ್ರವಾಸಿ ತಾಣ ಅಂತ ಬೋರ್ಡು ಹುಡುಕಬೇಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ದೇವಸ್ಥಾನ ನೋಡಿ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಇದೇ ತಾಲ್ಲೂಕಿನಲ್ಲಿವೆ. ಬಿ.ಎಲ್. ರೈಸ್ ಇವನ್ನು 1892ರಲ್ಲಿ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ಬಯಲು ನೋಡಿದರೆ ದೂರ ಅಂದಾಜು ಮಾಡುವ ಚಪಲ ನಿಮಗೂ ಬರುತ್ತೆ. ಬೇಸಿಗೆಯಲ್ಲಿ ಹೋದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಸೀರೆ ಕೊಳ್ಳೋದಾದರೆ ಮಗ್ಗದ ಮನೆಗೇ ಹೋಗಿ, ನೇಯುವವರ ಪಕ್ಕ ಸ್ವಲ್ಪ ಹೊತ್ತು ಕೂತು ಆಮೇಲೆ ರೇಟು ಕೇಳಿ. ಚೌಕಾಸಿ ಮಾಡೋಕೆ ಬಾಯಿ ಬರಲ್ಲ.

ಇನ್ನೊಂದು ಮಾತು. ಊರಿಗೆ ಹೋದಾಗ ಅಪ್ಪ ಅಮ್ಮನ ಕೈಗೆ ಎರಡು ಪೆನ್ನು ಕೊಟ್ಟು ನೋಡಿ. ಇದು ಡಾಕ್ಟರ ಪರೀಕ್ಷೆಯಲ್ಲ, ಬರೀ ಆಟ. ತಪ್ಪಿದರೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅಪ್ಪನಿಗೆ ಪೊರೆ ಬಂದಿತ್ತು. ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಆಯಿತು. ಕೆಲವು ವಾರ ಮಗ್ಗ ನಿಂತಿತ್ತು, ಡಾಕ್ಟರು ಹೇಳಿದ್ದಕ್ಕೆ, ನಾನು ಹೇಳಿದ್ದಕ್ಕಲ್ಲ. ಆಮೇಲೆ ಮತ್ತೆ ಶುರುವಾಯಿತು.

ಹೋದ ತಿಂಗಳು ಊರಿಗೆ ಹೋದಾಗ ನಡುಮನೆಯ ನೆಲದ ಮೇಲೆ ಪ್ರಾಟ್‌ನ ಆಟ ಹರವಿದೆ. ಅಪ್ಪನದು ಎಮ್ಡೆನ್, ನನ್ನದು ಸಿಡ್ನಿ. ಇಂಚು ಗಿಂಚು ತನಗೆ ಬೇಡ, ಗೇಣು ಬೆರಳಲ್ಲಿ ಹೇಳ್ತೀನಿ ಅಂದರು. ಒಪ್ಪಿದೆ. ನೆಲಕ್ಕೆ ಬಗ್ಗಿ, ಎರಡೂ ಕಣ್ಣು ಕಿರಿದು ಮಾಡಿ ನೋಡಿ, "ಐದು ಗೇಣು" ಅಂದರು. ಗುಂಡು ನನ್ನ ಹಡಗಿಗಿಂತ ಈಚೆ ಬಿತ್ತು. "ಆರು ಗೇಣು." ಆಚೆ ಬಿತ್ತು. ಅಪ್ಪ ಲಾಳಿ ಹಿಡಿಯುವ ಹಾಗೆ ಕೈ ಸರಿಮಾಡಿಕೊಂಡು ಒಂದು ಕ್ಷಣ ಸುಮ್ಮನಿದ್ದರು. "ಐದು ಗೇಣು, ಐದು ಬೆರಳು."

ಮೂರನೆಯದಕ್ಕೆ ನನ್ನ ಹಡಗು ಮುಳುಗಿತು.